ಆಂಡ್ರಿಸ್‌ಗೆ ಎರಡೇ ಸಾಲು ಯಾಕೆ?

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿ ಓದಿ ಮುಗಿಸಿದೆ. ಜೊತೆಗೆ ಇಟ್ಟಿದ್ದ ಕಾಗದವನ್ನೂ ಓದಿದೆ. ‘ಇನ್ನು ಬರೆಯೋದೇ ಬಿಡ್ತೀನಿ ಅಕ್ಕಾ, ಯಾರಿಗೂ ಬೇಡ’ ಅಂದಿದ್ದೀಯ. ನಾಲ್ಕು ಜನ ವಾಪಸ್ ಕಳಿಸಿದರು ಅಂತ ಇಷ್ಟು ದೊಡ್ಡ ಮಾತು ಆಡಬೇಡ. ಅದನ್ನು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಪ್ರಕಾಶಕರನ್ನು ಹೇಗೆ ಹುಡುಕಬೇಕು, ಅಧ್ಯಾಯ ಎಷ್ಟು ಉದ್ದ ಇರಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುವುದು ಒಂದೇ ವಿಷಯ. ನಿನ್ನ ಕಾದಂಬರಿಯಲ್ಲಿ ಕೊಂದವರಿದ್ದಾರೆ, ಸತ್ತವರಿದ್ದಾರೆ. ಹೆದರಿದವರು ಇಲ್ಲ.

ಬಟಾವಿಯಾ ಹಡಗಿನ ಕತೆ ಆರಿಸಿಕೊಂಡದ್ದು ನನಗೆ ತುಂಬಾ ಖುಷಿ ಕೊಟ್ಟಿತು. 1629ರ ಜೂನ್ 4, ಇನ್ನೂ ಬೆಳಕು ಹರಿದಿಲ್ಲ. ಆಸ್ಟ್ರೇಲಿಯಾದ ಪಶ್ಚಿಮಕ್ಕಿರುವ ಅಬ್ರೊಲೋಸ್ ದ್ವೀಪಗಳ ಹತ್ತಿರ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗು ಹೋಗುತ್ತಿದೆ. ಮುಂದೆ ಬೆಳ್ಳಗೆ ನೊರೆ ಕಾಣುತ್ತಿದೆ ಅಂತ ಕಾವಲಿನವನು ಹೇಳುತ್ತಾನೆ. ಅದು ನೀರಿನ ಮೇಲಿನ ಬೆಳದಿಂಗಳು ಅಂತ ಕಪ್ತಾನ ಯಾಕೊಬ್ಸ್ ಅನ್ನುತ್ತಾನೆ. ಹಡಗು ಹಾಗೇ ಹೋಗಿ ಹವಳದ ದಿಬ್ಬಕ್ಕೆ ಬಡಿಯುತ್ತದೆ. ಆ ಪುಟದಲ್ಲಿ ಒಂದು ಅಕ್ಷರವನ್ನೂ ಮುಟ್ಟಬೇಡ.

ಲೂಟಿಯ ಅಧ್ಯಾಯವೂ ಗಟ್ಟಿಯಾಗಿದೆ. ಒಡೆಯುತ್ತಿರುವ ಹಡಗಿನಲ್ಲೇ ಉಳಿದವರು ಮದ್ಯದ ಪೀಪಾಯಿಗೆ ಕೈ ಹಾಕುತ್ತಾರೆ, ಅಧಿಕಾರಿಗಳ ಪೆಟ್ಟಿಗೆ ಮುರಿಯುತ್ತಾರೆ. ಆಮೇಲೆ ದ್ವೀಪದಲ್ಲಿ ಕಂಪನಿಯ ಕೆಂಪು ಬಟ್ಟೆಗೆ ಚಿನ್ನದ ಜರಿ ಹಚ್ಚಿಕೊಂಡು ಮೆರೆಯುತ್ತಾರೆ. ಕುಡಿಯಲು ನೀರಿಲ್ಲದ ಜಾಗದಲ್ಲಿ ಜರಿ! ಮೊಗಲರ ಸಂಗತಿ ತಂದದ್ದೂ ಒಳ್ಳೆಯದಾಯಿತು. ಹಡಗಿನ ಮೇಲಧಿಕಾರಿ ಪೆಲ್ಸಾರ್ಟ್ ಆಗ್ರಾದಲ್ಲಿ ವರ್ಷಗಟ್ಟಲೆ ವ್ಯಾಪಾರ ಮಾಡಿದವನು. ಆ ದರ್ಬಾರಿಗೆ ಏನು ಇಷ್ಟ ಅಂತ ಗೊತ್ತಿದ್ದವನು. ಜಹಾಂಗೀರನಿಗೆ ಮಾರಲೆಂದು ರೋಮನ್ ಕಾಲದ ದೊಡ್ಡ ಕೆತ್ತನೆಯ ಕಲ್ಲೊಂದು ಅದೇ ಹಡಗಿನಲ್ಲಿತ್ತು. 1628ರ ಅಕ್ಟೋಬರ್‌ನಲ್ಲಿ ಹಡಗು ಹಾಲೆಂಡ್ ಬಿಡುವ ಹೊತ್ತಿಗೆ ಜಹಾಂಗೀರ್ ಸತ್ತು ಒಂದು ವರ್ಷ ಆಗಿತ್ತು.

ಇಲ್ಲಿಯವರೆಗೂ ನಿನ್ನ ಜೊತೆ ಬಂದೆ. ಜೆರೊನಿಮಸ್ ಕಾರ್ನೆಲಿಸ್ ಬಂದನೋ ಇಲ್ಲವೋ, ನಿನ್ನ ಪೆನ್ನು ಅವನ ಹಿಂದೆಯೇ ಹೊರಟುಬಿಟ್ಟಿತು. ಹಾರ್ಲೆಮ್‌ನಲ್ಲಿ ಔಷಧಿ ಅಂಗಡಿ ಇಟ್ಟಿದ್ದವನು, ದಿವಾಳಿಯಾಗಿ ಕಂಪನಿ ಸೇರಿದವನು, ಮಾತಿನಲ್ಲಿ ಯಾರನ್ನಾದರೂ ಮರುಳು ಮಾಡುವವನು, ಪೆಲ್ಸಾರ್ಟ್ ಇಲ್ಲದಾಗ ದ್ವೀಪದಲ್ಲಿ ಅಧಿಕಾರ ಹಿಡಿದು ಬದುಕುಳಿದವರನ್ನು ಕೊಲ್ಲಿಸಿದವನು. ಅಂಥವನನ್ನು ಬರೆಯುವುದು ಸುಲಭ ಕಣೇ. ಪುಟಗಟ್ಟಲೆ ಬರೆದಿದ್ದೀಯ. ಆದರೆ ನೂರಕ್ಕೂ ಹೆಚ್ಚು ಜನರನ್ನು ಅವನೊಬ್ಬನೇ ಕೊಂದನಾ? ಅವನು ತಾನಾಗಿ ಕೈ ಹಾಕಿದ್ದು ಒಂದು ಹಸುಗೂಸಿನ ಮೇಲೆ. ಅದಕ್ಕೆ ವಿಷ ಕೊಟ್ಟ. ಅದೂ ಸಾಯಲಿಲ್ಲ. ಮುಗಿಸಲು ಇನ್ನೊಬ್ಬನಿಗೆ ಹೇಳಿದ. ಉಳಿದ ಕೊಲೆಗಳನ್ನೆಲ್ಲ ಮಾಡಿದ್ದು ಬೇರೆಯವರ ಕೈಗಳು. ಅವು ಯಾರ ಕೈಗಳು ಅಂತ ನೀನು ಸರಿಯಾಗಿ ನೋಡೇ ಇಲ್ಲ.

ಆಂಡ್ರಿಸ್ ಡಿ ವ್ರೀಸ್‌ನನ್ನು ತೆಗೆದುಕೋ. ಕಂಪನಿಯ ಸಹಾಯಕ ಗುಮಾಸ್ತ. ನಿನ್ನ ಹಸ್ತಪ್ರತಿಯಲ್ಲಿ ಅವನಿಗೆ ಎರಡು ಸಾಲು. ಅವನನ್ನೂ ಕೊಲ್ಲಲು ಹೊರಟಿದ್ದರು. ಅತ್ತು ಬೇಡಿಕೊಂಡ, ಬಿಟ್ಟರು. ಆಮೇಲೆ ಕಾಯಿಲೆಯವರು ಮಲಗಿದ್ದ ಡೇರೆಗೆ ಕಳಿಸಿ, ಅವರ ಕತ್ತು ಕೊಯ್ಯಲು ಹೇಳಿದರು. ಕೊಯ್ದ. ಸ್ವಲ್ಪ ದಿನದಲ್ಲೇ ಮತ್ತೆ ಕಳಿಸಿದರು. ಮತ್ತೆ ಕೊಯ್ದ. ಜುಲೈ ನಡುವಿನಲ್ಲಿ, ಕಾರ್ನೆಲಿಸ್ ಕಣ್ಣಿಟ್ಟಿದ್ದ ಪ್ರಯಾಣಿಕೆ ಲುಕ್ರೇಷಿಯಾ ಜೊತೆ ಮಾತಾಡಿದ ಅನ್ನುವ ಕಾರಣಕ್ಕೆ ಅವನನ್ನೂ ಮುಗಿಸಿದರು. ಯಾವ ಜೀವ ಉಳಿಸಿಕೊಳ್ಳಲು ಇಷ್ಟೆಲ್ಲ ಮಾಡಿದನೋ ಅದು ಅವನಿಗೆ ಸಿಕ್ಕಿದ್ದು ಕೆಲವೇ ದಿನ.

ಇದಕ್ಕೆ ಎರಡು ಸಾಲು ಸಾಕಾ? ಏಳು ತಿಂಗಳು ಒಂದೇ ಹಡಗಿನಲ್ಲಿ ಬಂದವರು. ಡೇರೆಯಲ್ಲಿ ಮಲಗಿದ್ದವರ ಮುಖ ಅವನಿಗೆ ಗೊತ್ತಿರದೆ ಇರುತ್ತದಾ? ಅವನು ಬಟ್ಟೆ ಸರಿಸಿ ಒಳಗೆ ಬಂದಾಗ ಯಾರಾದರೂ ‘ನೀರು ತಂದೆಯಾ’ ಅಂತ ಕೇಳಿರಬಹುದಲ್ವಾ? ಎರಡನೇ ಸಲ ಹೋಗುವಾಗ ಅವನಿಗೆ ಏನನ್ನಿಸಿತು? ಮೊದಲಿಗಿಂತ ಕಷ್ಟವಾಯಿತಾ, ಸುಲಭವಾಯಿತಾ? ಇದನ್ನು ದಾಖಲೆ ಹೇಳುವುದಿಲ್ಲ. ಅದಕ್ಕೇ ನೀನು ಬೇಕು.

ಪಾದ್ರಿ ಬಾಸ್ಟಿಯಾನ್ಸ್‌ನದೂ ಇದೇ ಕತೆ. ಒಂದು ರಾತ್ರಿ ಅವನೂ ದೊಡ್ಡ ಮಗಳೂ ಕೊಲೆಗಾರರ ಡೇರೆಯಲ್ಲಿ ಊಟಕ್ಕೆ ಕೂತಿದ್ದರು. ಅದೇ ಹೊತ್ತಿನಲ್ಲಿ ಅವನ ಹೆಂಡತಿಯನ್ನೂ ಉಳಿದ ಮಕ್ಕಳನ್ನೂ ಕೊಂದರು. ಆಮೇಲೆ ಅವನು ಅತ್ತರೆ, ಅಳಕೂಡದು ಅಂತ ಹೆದರಿಸಿದರು. ಬದುಕಿ ಬಂದ ಮೇಲೆ ಊರಿಗೆ ಬರೆದ ಕಾಗದದಲ್ಲಿ ಅವನೇ ಇದನ್ನು ಹೇಳಿಕೊಂಡಿದ್ದಾನೆ. ನೀನು ಆ ಊಟ ಬಿಟ್ಟು ಹೊರಗಿನ ಕೊಡಲಿಯನ್ನು ಮಾತ್ರ ಬರೆದೆ.

ನನಗೆ ಈ ವಿಷಯದಲ್ಲಿ ಹಳೇ ಸಿಟ್ಟಿದೆ. ನಿನ್ನ ವಯಸ್ಸಿನಲ್ಲಿ ಒಂದು ಊರಿನ ಗಲಾಟೆಯ ಬಗ್ಗೆ ಕತೆ ಬರೆದಿದ್ದೆ. ಅದರಲ್ಲಿ ಒಬ್ಬ ಹೆಂಗಸು ಬಾಗಿಲ ಹಿಂದೆ ನಿಂತು ಪಕ್ಕದ ಮನೆಯವರ ಕೂಗು ಕೇಳುತ್ತಾಳೆ. ಚಿಲಕ ತೆಗೆಯುವುದಿಲ್ಲ. ಕತೆಯೇ ಅದು. ಪತ್ರಿಕೆಯವರು ಅದನ್ನೇ ಕತ್ತರಿಸಿ ಕಲ್ಲು, ಬೆಂಕಿ, ಮಚ್ಚು ಉಳಿಸಿಕೊಂಡು ಅಚ್ಚು ಹಾಕಿದರು. ಸ್ವಲ್ಪ ಎಳೆದಂತಿತ್ತು ಅಂದರು. ಮೆಚ್ಚುಗೆಯ ಕಾಗದಗಳು ಬಂದವು. ಒಂದೊಂದು ಓದಿದಾಗಲೂ ಹೊಟ್ಟೆ ಉರಿಯುತ್ತಿತ್ತು. ಆ ಉರಿ ಇವತ್ತಿಗೂ ಆರಿಲ್ಲ. ನಿನ್ನ ಗೆಳತಿಯರು ‘ಉಸಿರು ಬಿಗಿಹಿಡಿದು ಓದಿದೆವು’ ಅಂದರಂತಲ್ಲ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಅವರು ಸುಳ್ಳು ಹೇಳಿಲ್ಲ. ಆದರೆ ಉಸಿರು ಬಿಗಿಹಿಡಿದವರು ಮುಂದಿನ ಪುಟಕ್ಕೆ ಓಡುತ್ತಾರೆ. ಆ ಡೇರೆಯ ಬಾಗಿಲಲ್ಲಿ ಅವರು ನಿಲ್ಲಬೇಕು.

ಪೆಲ್ಸಾರ್ಟ್‌ನ ದಿನಚರಿಯನ್ನು ಪೂರ್ತಿ ನಂಬಬೇಡ. ಅವನು ಕಂಪನಿಗೆ ಲೆಕ್ಕ ಒಪ್ಪಿಸಬೇಕಾದವನು. ನೀರು ಹುಡುಕಲು ಅಂತ ದೋಣಿ ಹತ್ತಿ, ಜನರನ್ನು ದ್ವೀಪದಲ್ಲೇ ಬಿಟ್ಟು ಜಾವಾ ಸೇರಿದವನು. ಸಾರ್ಡಾಮ್ ಹಡಗಿನಲ್ಲಿ ವಾಪಸ್ ಬಂದದ್ದು ಸೆಪ್ಟೆಂಬರ್‌ನಲ್ಲಿ. ಬಂದು ಆರೋಪಿಗಳಿಗೆ ನೀರಿನ ಚಿತ್ರಹಿಂಸೆ ಕೊಟ್ಟು ಹೇಳಿಕೆ ಪಡೆದ. ಅವನಿಗೂ ಹೆದರಿಕೆ ಇತ್ತು. ಬರೆದದ್ದರಲ್ಲಿ ಅದು ಎಲ್ಲೆಲ್ಲಿ ಇಣುಕುತ್ತದೆ ಅಂತ ಹುಡುಕು.

ಕೊಲೆಗಾರರನ್ನು ಎದುರಿಸಿ ನಿಂತ ಸೈನಿಕ ವೀಬೆ ಹೇಯ್ಸ್ ಚೆನ್ನಾಗಿ ಬಂದಿದ್ದಾನೆ. ಅವನ ಜನ ಕಟ್ಟಿದ ಕಲ್ಲಿನ ಗೋಡೆಗಳು ಇವತ್ತಿಗೂ ನಿಂತಿವೆ ಅನ್ನುವ ಮಾತು ಇರಲಿ.

ಕೊನೆಯ ಅಧ್ಯಾಯದಲ್ಲಿ ಬೆಳ್ಳಿಯೆಲ್ಲ ಸಮುದ್ರದ ಪಾಲಾಯಿತು ಅಂದಿದ್ದೀಯ. ಅದು ತಪ್ಪು. 12 ಪೆಟ್ಟಿಗೆಗಳಲ್ಲಿ 10 ಸಿಕ್ಕಿದವು. ಮುಳುಗಿ ಎತ್ತಿದವರಲ್ಲಿ ಗುಜರಾತಿನವರೂ ಇದ್ದರು. ಒಂದು ಕಡೆ ವಿಚಾರಣೆ, ಗಲ್ಲು. ಇನ್ನೊಂದು ಕಡೆ ಪೆಟ್ಟಿಗೆ ಎತ್ತುವ ಕೆಲಸ. ಆ ಮುಳುಗುಗಾರರಿಗೆ ಒಂದು ಪುಟವಾದರೂ ಕೊಡು.

ಮೊದಲು ಡೇರೆಯ ಅಧ್ಯಾಯ ಬರೆದು ಕಳಿಸು, ಉಳಿದದ್ದು ಆಮೇಲೆ. ದೀಪಾವಳಿಯೊಳಗೆ ಬಂದರೆ ಒಳ್ಳೆಯದು. ಹಬ್ಬ ಕಳೆದ ಮೇಲೆ ನನಗೆ ಕಣ್ಣಿನ ಆಪರೇಷನ್ ಇದೆ. ಅಕ್ಷರ ಸ್ವಲ್ಪ ದೊಡ್ಡದಾಗಿ ಪ್ರಿಂಟ್ ತೆಗೆಸು.

ಪ್ರೀತಿಯಿಂದ,
ನಿನ್ನ ಅಕ್ಕ