ಬೂದಿಗೂ ಒಂದು ವಿಳಾಸ ಬೇಕು: ಧಾರವಾಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕಾರ್ಖಾನೆ ತ್ಯಾಜ್ಯದಿಂದ ಕ್ರಿಯಾವರ್ಧಕ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು, ತಯಾರಿಸುವ ಸಂಶೋಧನೆಗಾಗಿ ಹುಬ್ಬಳ್ಳಿ-ಧಾರವಾಡದ ಕಾಲೇಜುಗಳ ರಸಾಯನಶಾಸ್ತ್ರ ಪ್ರಯೋಗಾಲಯಗಳಿಗೆ ಆ ತ್ಯಾಜ್ಯದ ಮಾದರಿಗಳು ದಾಖಲೆ ಸಹಿತ, ಅಧಿಕೃತವಾಗಿ ದೊರೆಯುವಂತೆ ಮಾಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಕಲ್ಲಿದ್ದಲು ಉರಿದಾಗ ಹೊಗೆಯೊಂದಿಗೆ ಏಳುವ ಹಾರುಬೂದಿಯಲ್ಲಿ ಮುಖ್ಯವಾಗಿ ಸಿಲಿಕಾ, ಅಲ್ಯೂಮಿನಾ ಎಂಬ ಆಕ್ಸೈಡುಗಳು ಇರುತ್ತವೆ. ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತೆಗೆದ ಮೇಲೆ ಉಳಿಯುವ ಕೆಂಪು ಕೆಸರಿನಲ್ಲಿ, ಅದು ನಮ್ಮ ಪಕ್ಕದ ಬೆಳಗಾವಿಯಲ್ಲೇ ಹುಟ್ಟುತ್ತದೆ, ಕಬ್ಬಿಣದ ಆಕ್ಸೈಡು, ಟೈಟಾನಿಯಾ (ಟೈಟಾನಿಯಂ ಆಕ್ಸೈಡು) ಮತ್ತು ಕ್ಷಾರ ಇರುತ್ತವೆ. ನಾವು ದುಡ್ಡು ಕೊಟ್ಟು ತರಿಸುವ ಎಷ್ಟೋ ಕ್ರಿಯಾವರ್ಧಕಗಳು ಇವೇ ಆಕ್ಸೈಡುಗಳಿಂದಾದವು. ಔಷಧ, ಬಣ್ಣಗಳ ತಯಾರಿಕೆಯಲ್ಲಿ ಬಳಕೆಯಾಗುವ, ಎರಡು ಸಾವಯವ ಅಣುಗಳನ್ನು ಬೆಸೆಯುವ ಕ್ನೋವೆನಾಗೆಲ್ ಕ್ರಿಯೆಗೆ ಕ್ರಿಯಾವರ್ಧಕವಾಗಿ ವಾಡಿಕೆಯಂತೆ ಪಿಪೆರಿಡಿನ್ ಎಂಬ ಘಾಟು ದ್ರವವನ್ನು ಹಾಕುತ್ತಾರೆ. ಅದು ಉತ್ಪನ್ನದಲ್ಲಿ ಬೆರೆಯುವುದರಿಂದ ತೊಳೆದು ತೆಗೆಯಬೇಕು, ತೊಳೆದ ನೀರು ಚರಂಡಿ ಸೇರುತ್ತದೆ. ಅದರ ಬದಲು ಹಾರುಬೂದಿಗೆ ಸುಣ್ಣ ಸೇರಿಸಿ ಕುಲುಮೆಯಲ್ಲಿ ಕಾಯಿಸಿದ ಪುಡಿಯನ್ನು ಬಳಸಿದರೆ, ಕ್ರಿಯೆ ಮುಗಿದ ಮೇಲೆ ಅದನ್ನು ಸೋಸಿ, ಒಣಗಿಸಿ, ಮತ್ತೆ ಹಾಕಬಹುದು.

ಇದರಿಂದ ಬೂದಿಯ ಗುಡ್ಡ ಕರಗುತ್ತದೆಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಗುಡ್ಡ ಕರಗಲು ಸಿಮೆಂಟು, ಇಟ್ಟಿಗೆಗಳೇ ಬೇಕು. ಕ್ರಿಯಾವರ್ಧಕ ಬೇಕಾಗುವುದು ಚಿಟಿಕೆಯಷ್ಟು. ಇದರಿಂದ ಉಳಿತಾಯವಾಗುವುದು ತೊಳೆಯುವ ನೀರು ಮತ್ತು ವಿಷಕಾರಿ ರಾಸಾಯನಿಕದ ಬಳಕೆ.

ತೊಡಕಿರುವುದು ಕಾರ್ಖಾನೆಯ ಗೇಟಿನಲ್ಲಿ. ವಿದ್ಯಾರ್ಥಿಗಳೊಂದಿಗೆ ಹೋದಾಗ ಮ್ಯಾನೇಜರೊಬ್ಬರು, "ಬೇಕಾದ್ರ ಚೀಲ ತುಂಬಿ ಒಯ್ರಿ ಸರ್, ಆದ್ರ ಕಂಪನಿ ಹೆಸರು ಎಲ್ಲೂ ಬರಬಾರ್ದು" ಎಂದರು. ಕಲ್ಲಿದ್ದಲು ಬದಲಾದರೆ ಬೂದಿಯ ಗುಣವೂ ಬದಲಾಗುವುದರಿಂದ, ಮೂಲ ತಿಳಿಯದ ಬೂದಿಯ ಫಲಿತಾಂಶವನ್ನು ಇನ್ನೊಬ್ಬರು ಪರೀಕ್ಷಿಸಿ ನೋಡಲಾರರು. ಬೂದಿಯಲ್ಲಿರಬಹುದಾದ ಆರ್ಸೆನಿಕ್, ಕ್ರೋಮಿಯಂ, ಸೀಸ ಉತ್ಪನ್ನಕ್ಕೆ ಇಳಿದಿವೆಯೇ ಎಂದು ನೋಡದೆ ಇದನ್ನು ಹಸಿರು ರಸಾಯನ ಎನ್ನಲೂ ಬಾರದು.

ಆ ಮ್ಯಾನೇಜರರ ಅಂಜಿಕೆ ಸುಳ್ಳಲ್ಲ. 2016ರ ನಿಯಮಗಳಂತೆ ಅಪಾಯಕಾರಿ ತ್ಯಾಜ್ಯವನ್ನು ಸಂಪನ್ಮೂಲವಾಗಿ ಬಳಸಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಯಾವ ತ್ಯಾಜ್ಯ ಆ ನಿಯಮದೊಳಗೆ ಬರುತ್ತದೆಂದು ವಿಚಾರಿಸುತ್ತ ಕೂಡುವುದಕ್ಕಿಂತ ಯಾವುದಕ್ಕೂ ಕಾಗದದ ಮೇಲೆ ಒಪ್ಪಿಗೆ ಕೊಡದಿರುವುದು ಅವರಿಗೆ ಸುಲಭ.

ಆದ್ದರಿಂದ ಮುಂದಿನ ಕೆಡಿಪಿ (ಜಿಲ್ಲಾ ಪ್ರಗತಿ ಪರಿಶೀಲನಾ) ಸಭೆಯಲ್ಲಿ ಮಂಡಳಿಯ ಅಧಿಕಾರಿಗಳು, ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದವರನ್ನು ಕೂಡಿಸಿ, ಸಂಶೋಧನೆಗಾಗಿ ಕೆಲವೇ ಕಿಲೋ ಮಾದರಿ ಪಡೆಯಲು ಒಂದು ಪುಟದ ನಮೂನೆಯನ್ನು ತಾವು ರೂಪಿಸಿಕೊಡಬೇಕು. ಅದರಲ್ಲಿ ತ್ಯಾಜ್ಯದ ಮೂಲ, ತೆಗೆದ ದಿನಾಂಕ, ಉರಿಸಿದ ಇಂಧನ, ಪ್ರಯೋಗದ ನಂತರ ಉಳಿದದ್ದರ ವಿಲೇವಾರಿ ಇಷ್ಟಿದ್ದರೆ ಸಾಕು. ಲೋಹಾಂಶದ ಪರೀಕ್ಷೆಯ ಶುಲ್ಕ ಸಣ್ಣ ಕಾಲೇಜುಗಳ ಕೈಗೆ ಎಟುಕುವುದಿಲ್ಲ. ಅದರಲ್ಲಿ ರಿಯಾಯಿತಿಯನ್ನೂ ಕೊಡಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ರಸಾಯನಶಾಸ್ತ್ರ ಅಧ್ಯಾಪಕ, ಧಾರವಾಡ