ಪುಟ್ಟಿಗೆ, ಹಳೆಯ ಕಾರಿನ ವಿಚಾರವಾಗಿ

ಸಕಲೇಶಪುರ

ಚಿ. ಸೌ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಕಾಫಿ ಕೊಯ್ಲು ಮುಗಿಯುತ್ತ ಬಂದಿದೆ. ನಿನ್ನ ಅತ್ತೆ ಬೆಳಗಿನಿಂದ ಸಂಜೆಯವರೆಗೆ ಕಣದಲ್ಲೇ ಇರುತ್ತಾಳೆ. ಮೊನ್ನೆ ಫೋನಿನಲ್ಲಿ ನೀನು ‘ಮಾವ, ಕಾರು ಬದಲಾಯಿಸಲೇ, ಇಟ್ಟುಕೊಳ್ಳಲೇ, ಒಂದು ಮಾತು ಹೇಳಿ’ ಎಂದಾಗ ನಾನು ಸುಮ್ಮನಾದೆ. ನೀನು ಬೇಸರ ಮಾಡಿಕೊಂಡೆ ಎಂದು ಅತ್ತೆ ಹೇಳಿದಳು. ಹತ್ತು ಲಕ್ಷ ಸಾಲದ ಮಾತಿಗೆ ನಿಂತ ಕಾಲಿನಲ್ಲಿ ಹೂಂ ಎನ್ನುವುದು ನನ್ನಿಂದ ಆಗದು ಮಗಳೇ. ಎರಡು ದಿನ ಯೋಚಿಸಿ ಈಗ ಬರೆಯುತ್ತಿದ್ದೇನೆ.

ಚಂಪಾಷಷ್ಠಿಯ ಗದ್ದಲ ಕಳೆದ ಮೇಲೆ ನಾವೆಲ್ಲ ನಿನ್ನ ಸ್ವಿಫ್ಟಿನಲ್ಲಿ ಸುಬ್ರಹ್ಮಣ್ಯಕ್ಕೆ ಹೋಗಿ ಬಂದೆವಲ್ಲ, ಬರುವಾಗ ಸ್ಟೀರಿಂಗ್ ನಾನು ಕೇಳಿ ತೆಗೆದುಕೊಂಡೆ. ಆ ಕಾರಿನ ಮಾತು ಕೇಳಬೇಕಿತ್ತು ನನಗೆ. ಮೂವತ್ತೆರಡು ವರ್ಷ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಕಳೆದವನು ನಾನು, ಕಿವಿಯೇ ಮೊದಲ ಉಪಕರಣ. ಗುಂಡ್ಯದಿಂದ ದೋಣಿಗಲ್‌ವರೆಗಿನ ಏರಿನಲ್ಲಿ ಎಂಜಿನ್ ಒಮ್ಮೆಯೂ ಏದುಸಿರು ಬಿಡಲಿಲ್ಲ, ಶಾಖ ಏರಲಿಲ್ಲ, ಹಿಂದೆ ಹೊಗೆ ಇಲ್ಲ. 78,000 ಕಿಲೋಮೀಟರ್ ಆ ಪೆಟ್ರೋಲ್ ಎಂಜಿನ್ನಿಗೆ ಒಂದು ವಯಸ್ಸೇ ಅಲ್ಲ. ಅದರಲ್ಲಿ ಟೈಮಿಂಗ್‌ಗೆ ಹೊತ್ತಿಗೊಮ್ಮೆ ಬದಲಿಸಬೇಕಾದ ಬೆಲ್ಟ್ ಇಲ್ಲ, ಚೈನ್ ಇದೆ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುತ್ತ ಬಂದಿದ್ದೀಯೆ, ಅದು ಗೊತ್ತಾಗುತ್ತದೆ.

ಆದರೆ ಎರಡನೆಯ ಗೇರಿನಲ್ಲಿ ಭಾರ ಬಿದ್ದಾಗ ಕ್ಲಚ್ ಜಾರುತ್ತಿತ್ತು. ಪೆಡಲ್ ಪೂರಾ ಮೇಲೆ ಬಂದ ಮೇಲೆಯೇ ಅದು ಕಚ್ಚಿಕೊಳ್ಳುತ್ತದೆ. ಹೊಂಡಕ್ಕೆ ಇಳಿದಾಗಲೆಲ್ಲ ಎಡಗಡೆ ‘ದಡ್’ ಎನ್ನುವುದು ಚಕ್ರವನ್ನು ಹಿಡಿದಿಡುವ ಲೋಯರ್ ಆರ್ಮಿನ ರಬ್ಬರ್ ಬುಷ್. ಟೈರುಗಳ ಪಕ್ಕೆಯ ಮೇಲೆ ಕೊನೆಯ ನಾಲ್ಕು ಅಂಕಿ 3419 ಎಂದಿದೆ, ಅಂದರೆ 2019ನೇ ಇಸವಿಯ 34ನೇ ವಾರ ತಯಾರಾದವು. ಗೀರು ಇನ್ನೂ ಆಳವಾಗಿಯೇ ಕಾಣುತ್ತದೆ, ಅದನ್ನು ನೋಡಿ ನೀನು ನಿಶ್ಚಿಂತೆಯಿಂದಿದ್ದೀಯೆ. ರಬ್ಬರು ಗಟ್ಟಿಯಾಗಿದೆ ಪುಟ್ಟಿ, ಮಳೆಯಲ್ಲಿ ಹಿಡಿತ ಬಿಡುತ್ತದೆ. ಕಾರು ಇಟ್ಟುಕೊಂಡರೂ ಸರಿ, ಮಾರಿದರೂ ಸರಿ, ಆ ಟೈರುಗಳಲ್ಲಿ ಮಗುವನ್ನು ಕೂರಿಸಿಕೊಂಡು ಇನ್ನೊಂದು ಮಳೆಗಾಲ ಓಡಿಸಬೇಡ.

ಕ್ಲಚ್, ಬುಷ್, ನಾಲ್ಕು ಟೈರು, ಬ್ಯಾಟರಿ ಎಲ್ಲ ಸೇರಿ ನನ್ನ ಅಂದಾಜಿಗೆ ಸುಮಾರು 50,000 ರೂಪಾಯಿ. ‘ಮೂರು ಲಕ್ಷಕ್ಕೆ ಹೋಗುವ ಕಾರಿಗೆ ಐವತ್ತು ಸಾವಿರ ಯಾರು ಸುರಿಯುತ್ತಾರೆ’ ಎಂದು ಅಳಿಯಂದಿರು ಅಂದರಂತೆ. ಈ ಮಾತನ್ನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಇದೇ ಲೆಕ್ಕಕ್ಕೆ ಸಿಕ್ಕಿ ಒಳ್ಳೆಯ ಗಾಡಿಗಳನ್ನು ಕೈಬಿಟ್ಟವರನ್ನೂ ಕಂಡಿದ್ದೇನೆ. ರಿಪೇರಿಯ ಖರ್ಚನ್ನು ಹಳೆಯ ಕಾರಿನ ಬೆಲೆಯ ಜೊತೆ ತೂಗಬಾರದು, ಹೊಸ ಕಾರಿನ ಕಂತಿನ ಜೊತೆ ತೂಗಬೇಕು.

ತೂಗಿ ನೋಡು. ನೀನು ಮೆಚ್ಚಿದ ಗಾಡಿ ಷೋರೂಮಿನಲ್ಲಿ 12 ಲಕ್ಷ. ನಮ್ಮ ರಾಜ್ಯದಲ್ಲಿ 10 ಲಕ್ಷ ದಾಟಿದ, 20 ಲಕ್ಷದೊಳಗಿನ ಕಾರಿಗೆ ಜೀವಾವಧಿ ತೆರಿಗೆ ಶೇ 17. ಅದೇ 2,04,000 ರೂಪಾಯಿ, ಅದರ ಮೇಲೆ ಸೆಸ್ ಬೇರೆ. ವಿಮೆ ಕೂಡಿದರೆ ರಸ್ತೆಗಿಳಿಯುವ ಹೊತ್ತಿಗೆ 15 ಲಕ್ಷದ ಹತ್ತಿರ. ಹಳೆಯದನ್ನು ಕೊಟ್ಟು, ಕೈಯಲ್ಲಿರುವುದನ್ನು ಹಾಕಿ, 10 ಲಕ್ಷ ಸಾಲ ಎಂದೆ. ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳಿಗೆ 20,758 ರೂಪಾಯಿ ಕಂತು. ಐದು ವರ್ಷದಲ್ಲಿ ಬಡ್ಡಿಯೇ ಎರಡೂವರೆ ಲಕ್ಷದ ಹತ್ತಿರ ಬರುತ್ತದೆ. ಏಳು ವರ್ಷಕ್ಕೆ ಎಳೆದರೆ ಕಂತು 16,089ಕ್ಕೆ ಇಳಿಯುತ್ತದೆ, ಬಡ್ಡಿ ಮೂರೂವರೆ ಲಕ್ಷ ದಾಟುತ್ತದೆ. ಷೋರೂಮಿನ ಹುಡುಗ ನಿನಗೆ ಹೇಳಿದ್ದು ಆ ಎರಡನೆಯ ಕಂತನ್ನು ಮಾತ್ರ. ನಾನು ಹೇಳಿದ ರಿಪೇರಿ ಎರಡೂವರೆ ಕಂತಿಗೆ ತೀರಿಹೋಗುತ್ತದೆ. ಉಳಿದ ಐವತ್ತೇಳು ಕಂತು ನಿನ್ನ ಮನೆಯಲ್ಲೇ ಉಳಿಯುತ್ತದೆ.

ಇನ್ನೊಂದು ವಿಷಯ. ವಿಮೆಯವರ ಪಟ್ಟಿಯ ಪ್ರಕಾರವೇ ಐದನೆಯ ವರ್ಷದಲ್ಲಿ ಕಾರಿನ ಮೌಲ್ಯ ಅರ್ಧಕ್ಕೆ ಬರುತ್ತದೆ. ಹೊಸ ಗಾಡಿ ನಿನ್ನ ಅಂಗಳದಲ್ಲಿ ನಿಂತಲ್ಲೇ ಲಕ್ಷಗಳನ್ನು ಕಳೆದುಕೊಳ್ಳುತ್ತದೆ. ನಿನ್ನ ಸ್ವಿಫ್ಟ್ ಕಳೆದುಕೊಳ್ಳಬೇಕಾದದ್ದನ್ನೆಲ್ಲ ಆಗಲೇ ಕಳೆದುಕೊಂಡಿದೆ, ಅದರ ಜೀವಾವಧಿ ತೆರಿಗೆಯನ್ನೂ ನೀನು ಕಟ್ಟಿ ಮುಗಿಸಿದ್ದೀಯೆ.

ಹತ್ತು ವರ್ಷವಾದರೆ ಕಾರು ಗುಜರಿಗೆ ಎಂದು ಯಾರೋ ಹೆದರಿಸಿದ್ದಾರೆ ಎಂದೆ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ಆ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. 2016ರಲ್ಲಿ ನೋಂದಣಿಯಾದ ನಿನ್ನ ಕಾರಿಗೆ 2031ರವರೆಗೆ ತೊಂದರೆ ಇಲ್ಲ, ಆಮೇಲೂ ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬಹುದು. ಎಥೆನಾಲ್ ಬೆರೆತ ಪೆಟ್ರೋಲಿನ ಭಯಕ್ಕೂ ಮಾರಬೇಕಿಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ. ಇಂಧನದ ರಬ್ಬರ್ ಕೊಳವೆ, ಸೀಲುಗಳನ್ನು ಪ್ರತಿ ಸರ್ವಿಸ್‌ನಲ್ಲಿ ನೋಡಿಸಿ, ಬಿರುಕು ಕಂಡರೆ ಬದಲಿಸು.

ಈಗ ಅಕ್ಕನ ಮೊಣಕಾಲಿನ ವಿಷಯ. ನಿನ್ನ ಅಮ್ಮ ಆ ಕಾರಿನಿಂದ ಇಳಿಯುವಾಗ ಬಾಗಿಲಿನ ಚೌಕಟ್ಟು ಹಿಡಿದು ಮೈಯೆಲ್ಲ ಎತ್ತಿಕೊಳ್ಳುವುದನ್ನು ನೋಡಿ ನನ್ನ ಕರುಳು ಚುರುಕ್ ಎಂದಿತು. ಸಹೋದ್ಯೋಗಿಗಳೆಲ್ಲ ದೊಡ್ಡ ಗಾಡಿ ತೆಗೆದುಕೊಂಡರು ಎಂಬುದನ್ನು ನಾನು ಕಾರಣವೆಂದು ಒಪ್ಪುವುದಿಲ್ಲ, ಇದನ್ನು ಒಪ್ಪುತ್ತೇನೆ. ಆದರೆ ಎತ್ತರದ ಗಾಡಿಯೆಲ್ಲ ಮೊಣಕಾಲಿಗೆ ಸುಖ ಎಂದುಕೊಳ್ಳಬೇಡ. ಕೆಲವಕ್ಕೆ ಹತ್ತುವುದೇ ಮೆಟ್ಟಿಲು ಏರಿದ ಹಾಗೆ. ಸೀಟು ನಿಂತವರ ಸೊಂಟದ ಮಟ್ಟಕ್ಕೆ ಇದ್ದರೆ ಕೂರುವುದೂ ಏಳುವುದೂ ಹಗುರ. ಅಕ್ಕನನ್ನು ಷೋರೂಮಿಗೆ ಕರೆದುಕೊಂಡು ಹೋಗಿ ಮೂರು ಸಲ ಹತ್ತಿಸಿ ಇಳಿಸಿ ನೋಡದೆ ಒಂದು ರೂಪಾಯಿ ಮುಂಗಡ ಕೊಡಬೇಡ.

ಮಗುವಿನ ಸುರಕ್ಷತೆಯ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಎರಡಾಗುತ್ತದೆ. ನಿನ್ನದು ಮೇಲಿನ ಮಾದರಿ, ಮುಂದೆ ಎರಡು ಏರ್‌ಬ್ಯಾಗ್, ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಇವೆ. ಆ ಕಾಲದ ಕೆಳಗಿನ ಮಾದರಿಗಳಲ್ಲಿ ಅವೂ ಇರಲಿಲ್ಲ. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ಏರ್‌ಬ್ಯಾಗ್ ಇಲ್ಲದ ಸ್ವಿಫ್ಟನ್ನು ಗುದ್ದಿಸಿ ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಗೆ ಒಂದು ನಕ್ಷತ್ರವೂ ಸಿಕ್ಕಿರಲಿಲ್ಲ. 2023ರ ಅಕ್ಟೋಬರಿನಿಂದ ನಮ್ಮಲ್ಲೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಇದೆ, ಐದು ನಕ್ಷತ್ರ ಪಡೆದ ಕಾರುಗಳೂ ಇವೆ. ಬೆಂಗಳೂರಿನಲ್ಲಿ ಮನೆಯಿಂದ ಕಚೇರಿಗೆ, ಮಗುವಿನ ಶಿಶುವಿಹಾರಕ್ಕೆ ಓಡಾಡುವವರೆಗೆ ನಿನ್ನ ಕಾರು ಸಾಕು, ಮಗುವಿನ ಸೀಟನ್ನು ಹಿಂದೆ ಬಿಗಿಯಾಗಿ ಕಟ್ಟಿಕೊಂಡರೆ. ಆದರೆ ಮುಂದಿನ ವರ್ಷದಿಂದ ಅಳಿಯಂದಿರಿಗೆ ಹಾಸನಕ್ಕೆ ವರ್ಗವಾಗಿ, ನೀನು ವಾರವಾರ ಮಗುವಿನೊಂದಿಗೆ ಹೆದ್ದಾರಿಯಲ್ಲಿ ಓಡಾಡುವಂತಾದರೆ ನಾನೇ ಬದಲಿಸು ಎನ್ನುತ್ತೇನೆ. ಆಗಲೂ 12 ಲಕ್ಷದ್ದೇ ಆಗಬೇಕಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. 5 ಲಕ್ಷ ದಾಟಿದ, 10 ಲಕ್ಷದೊಳಗಿನದಕ್ಕೆ ನಮ್ಮ ರಾಜ್ಯದ ತೆರಿಗೆಯೂ ಶೇ 14. ಸನ್‌ರೂಫ್, ದೊಡ್ಡ ಪರದೆಗಳಿಗೆ ಕೊಡುವ ಹಣವನ್ನು ನಕ್ಷತ್ರಗಳಿಗೆ ಕೊಡು.

ಹಳೆಯ ಕಾರನ್ನು ಎಂದು ಮಾರಿದರೂ ನನಗೆ ಆದದ್ದು ನಿನಗೆ ಆಗಬಾರದು. 2009ರಲ್ಲಿ ನನ್ನ ಮಾರುತಿ 800 ಅನ್ನು ಒಬ್ಬ ದಲ್ಲಾಳಿಗೆ ಕೊಟ್ಟೆ. ಹಣ ಎಣಿಸಿ ಕೊಟ್ಟ, ಕಾಗದಗಳಿಗೆ ಸಹಿ ಹಾಕಿಸಿಕೊಂಡ, ‘ಹೆಸರು ಬದಲಾವಣೆ ನಾನೇ ಮಾಡಿಸುತ್ತೇನೆ’ ಎಂದ. ನಂಬಿದೆ. ಹದಿನಾಲ್ಕು ತಿಂಗಳ ಮೇಲೆ ನ್ಯಾಯಾಲಯದಿಂದ ನೋಟಿಸ್ ಬಂತು. ಆ ಕಾರು ಸೈಕಲ್ ಮೇಲಿದ್ದ ಒಬ್ಬ ಹುಡುಗನಿಗೆ ಗುದ್ದಿತ್ತು, ವಿಮೆ ಮುಗಿದಿತ್ತು, ದಾಖಲೆಯಲ್ಲಿ ಮಾಲೀಕ ನಾನೇ. ಎರಡು ವರ್ಷ ಅಲೆದೆ. ಪರಿಹಾರದ ಹಣದಲ್ಲಿ ನನ್ನ ಪಾಲನ್ನು ಅತ್ತೆಯ ಬಳೆ ಮಾರಿ ಕಟ್ಟಿದೆವು. ಈ ಸಂಗತಿ ಅಕ್ಕನಿಗೂ ಗೊತ್ತಿಲ್ಲ. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿಯೇ ಹೇಳಿದೆ. ಆದ್ದರಿಂದ ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಸುಮ್ಮನಾಗಬೇಡ. ಸರ್ಕಾರದ ವಾಹನ ದಾಖಲೆಯ ಪರಿವಾಹನ್ ಜಾಲತಾಣದಲ್ಲಿ ಕೊಂಡವರ ಹೆಸರು ಕಾಣುವವರೆಗೆ ಬೆನ್ನು ಬಿಡಬೇಡ.

ವಿಮೆಯಲ್ಲಿ ನಿನಗೆ ಶೇ 50ರ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದೆ ಕಳೆದ ವರ್ಷಗಳಿಗೆ ಸಿಗುವ ರಿಯಾಯಿತಿ, ಇದೆ. ಅದು ಕಾರಿನದ್ದಲ್ಲ, ನಿನ್ನದು. ಮಾರಿದಾಗ ಕಂಪನಿಯಿಂದ ಪತ್ರ ಬರೆಸಿಕೊಂಡು ಹೊಸ ಕಾರಿಗೆ ತೆಗೆದುಕೊಂಡು ಹೋಗು. ವಿನಿಮಯದ ಬೋನಸ್ ಎಂದಾಗ ಹಳೆಯ ಕಾರಿಗೆ ಎಷ್ಟು, ಹೊಸದರ ಮೇಲೆ ರಿಯಾಯಿತಿ ಎಷ್ಟು ಎಂದು ಬೇರೆ ಬೇರೆ ಬರೆಸಿಕೋ. ಒಂದರಲ್ಲಿ ತಗ್ಗಿಸಿ ಇನ್ನೊಂದರಲ್ಲಿ ಕೊಟ್ಟಂತೆ ತೋರಿಸುವುದುಂಟು.

ನನ್ನ ಮಾತು ಇಷ್ಟು: ಈಗ ರಿಪೇರಿ ಮಾಡಿಸಿ ಇಟ್ಟುಕೋ. ಆ 20,758 ರೂಪಾಯಿಯನ್ನು ಮುಂದಿನ ತಿಂಗಳಿನಿಂದ ಬೇರೆ ಖಾತೆಗೆ ಹಾಕುತ್ತ ಹೋಗು, ಕಂತು ಕಟ್ಟಿದ ಹಾಗೆಯೇ, ಒಂದು ತಿಂಗಳೂ ತಪ್ಪದೆ. ಕಷ್ಟವೆನಿಸಿದರೆ ಸಾಲ ಮಾಡುವ ಮೊದಲೇ ತಿಳಿಯಿತು. ಸಲೀಸಾಗಿ ಹೋದರೆ ಎರಡು ವರ್ಷಕ್ಕೆ ಐದು ಲಕ್ಷದ ಹತ್ತಿರ ಕೂಡಿರುತ್ತದೆ, ವರ್ಗಾವಣೆಯ ವಿಷಯವೂ ಅಷ್ಟರಲ್ಲಿ ಇತ್ಯರ್ಥವಾಗಿರುತ್ತದೆ.

ಬರುವ ಎರಡನೆಯ ಶನಿವಾರ ಕಾರು ತೆಗೆದುಕೊಂಡು ಬಾ. ಇಲ್ಲಿ ನನ್ನ ಹಳೆಯ ಶಿಷ್ಯನ ಗ್ಯಾರೇಜಿನಲ್ಲಿ ಗುಂಡಿಯ ಮೇಲೆ ನಿಲ್ಲಿಸಿ ಬುಷ್, ಬ್ರೇಕ್ ಪೈಪು, ಇಂಧನದ ಕೊಳವೆ ಮೂರನ್ನೂ ನಾನೇ ನೋಡುತ್ತೇನೆ. ನಿಧಾನವಾಗಿ ಬಾ, ಮಳೆ ಬಂದರೆ ಹೊರಡಲೇ ಬೇಡ. ಸ್ಟೆಪ್ನಿ ಟೈರಿನ ನಾಲ್ಕು ಅಂಕಿಯನ್ನು ಓದಿ ಇವತ್ತೇ ನನಗೆ ತಿಳಿಸು, ಅದನ್ನು ನೋಡುವುದು ಅವತ್ತು ಮರೆತೆ. ಅಕ್ಕನನ್ನೂ ಕರೆದುಕೊಂಡು ಬಾ, ಮುಂದಿನ ಸೀಟಿನಲ್ಲಿ ಒಂದು ದಪ್ಪ ದಿಂಬು ಹಾಕು.

ಇಂತಿ,
ನಿನ್ನ ಮಾವ