ಖಾಲಿ ಕುರ್ಚಿಗಳ ವಿಷಯ

ಪೆರ್ಲ

ಪ್ರೀತಿಯ ಪುಟ್ಟಿಗೆ ಅಜ್ಜನ ಆಶೀರ್ವಾದಗಳು.

ದಿಲ್ಲಿಯ ಚಳಿ, ಬಾಡಿಗೆ, ಊಟದ ಕಥೆಯನ್ನೆಲ್ಲ ನಿನ್ನಮ್ಮ ಮೊದಲೇ ಹೇಳಿದ್ದಳು. ಆದರೆ ಲೋಕಸಭೆಯ ಸದಸ್ಯರಿಗೆ ಭಾಷಣ ಬರೆದುಕೊಡುವ ನೀನು ಕಾಗದದ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ನಾನು ಖಾಲಿ ಕುರ್ಚಿಗಳಿಗೆ ಭಾಷಣ ಬರೆಯುವವಳು ಅಜ್ಜ" ಅಂತ, ಅದು ನನ್ನ ನಿದ್ದೆ ಕೆಡಿಸಿತು. ನೀನು ತಮಾಷೆಗೆ ಬರೆದಿರಬಹುದು. ನನಗೆ ಓದುವಾಗ ತಮಾಷೆ ಅನ್ನಿಸಲಿಲ್ಲ.

ಕೆಲಸ ಬಿಟ್ಟು ಬಂದರೆ ನನಗೇನೂ ಬೇಸರವಿಲ್ಲ ಮಾರಾಯ್ತಿ. ಮನೆ ಇದೆ, ತೋಟ ಇದೆ, ಬಾ. ಆದರೆ "ಹೇಳಿ ಏನು ಪ್ರಯೋಜನ" ಅಂದುಕೊಂಡು ಮಾತ್ರ ಬರಬೇಡ. ನಮ್ಮ ಕಾಸರಗೋಡಿನ ಈ ಗಡಿಯಲ್ಲಿ ಆ ಮಾತು ಮನೆ ಮನೆಯಲ್ಲಿ ಕೇಳುತ್ತದೆ. ನಾನೂ ಅದನ್ನೇ ಹೇಳಿಕೊಂಡು ತಿರುಗಿದವನು.

1967ರಲ್ಲಿ ರಾಜ್ಯಗಳ ಗಡಿ ತಕರಾರಿನ ಬಗ್ಗೆ ಮಹಾಜನ್ ವರದಿ ಬಂದಾಗ ನನಗಿನ್ನೂ ಮೀಸೆ ಬಲಿತಿರಲಿಲ್ಲ. ಚಂದ್ರಗಿರಿ ಹೊಳೆಯ ಬಡಗು ಭಾಗವೆಲ್ಲ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಅದರಲ್ಲಿತ್ತು. ಇನ್ನೇನು ಆಗಿಯೇ ಹೋಯಿತು ಎಂದು ನಾವು ಹುಡುಗರು ಕುಣಿದಾಡಿದೆವು. ಏನೂ ಆಗಲಿಲ್ಲ. 1956ರ ನವೆಂಬರ್ 1ರಿಂದ ಎಲ್ಲಿದ್ದೆವೋ ಅಲ್ಲೇ, ಕೇರಳದಲ್ಲೇ ಇದ್ದೇವೆ. ಆಮೇಲೆ ಸದನದ ಸುದ್ದಿ ಇರುವ ಪುಟ ಬಂದರೆ ಸುಮ್ನೆ ಮಗುಚಿ ಹಾಕುತ್ತಿದ್ದೆ. ಶಾಲೆಯಲ್ಲಿ ಪೌರನೀತಿ ಪಾಠ ಮಾಡುವಾಗ ಲೋಕಸಭೆ ಅಂತ ಬೋರ್ಡಿನಲ್ಲಿ ಬರೆದು ಒಳಗೊಳಗೇ ನಗುತ್ತಿದ್ದೆ. ಎದುರಿಗೆ ಕೂತ ಮಕ್ಕಳಿಗೆ ಅದು ಗೊತ್ತಾಗುತ್ತಿತ್ತೋ ಏನೋ. ಈಗ ನೆನೆದರೆ ಚುಚ್ಚುತ್ತದೆ. ಅದಕ್ಕೇ ನಿನ್ನ ಸಾಲು ನೋಡಿ ಹೆದರಿದ್ದು.

ವರದಿ ಬಂದ ಆ 1967ರಲ್ಲೇ ಜೆ.ಎಚ್. ಪಟೇಲರು ಶಿವಮೊಗ್ಗದಿಂದ ಗೆದ್ದು ಹೋಗಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಕೂತಿದ್ದವರಲ್ಲಿ ಎಷ್ಟು ಜನಕ್ಕೆ ಅರ್ಥವಾಗಿರಬಹುದು ಹೇಳು? ಕುರ್ಚಿ ತುಂಬಿದ್ದರೂ ಅವರ ಪಾಲಿಗೆ ಖಾಲಿಯೇ ಅಲ್ವಾ? ಈಗಾದರೆ ಕನ್ನಡದಲ್ಲಿ ಮಾತಾಡುತ್ತೇನೆ ಎಂದು ಮೊದಲೇ ತಿಳಿಸಿದರೆ ತರ್ಜುಮೆ ಮಾಡುವವರು ಇರುತ್ತಾರಂತೆ.

ನೀನು ಬರೆದುಕೊಟ್ಟದ್ದು ಕೀಟನಾಶಕದ ಬಗ್ಗೆ ಅಂದದ್ದಕ್ಕೆ ನನಗೆ ಇನ್ನೂ ಜಾಸ್ತಿ ತಾಗಿತು. ನೀನು ಹುಟ್ಟುವ ಮೊದಲು ಇಲ್ಲಿ ಗೇರುಗುಡ್ಡದ ಮೇಲೆ ಹೆಲಿಕಾಪ್ಟರ್ ತಗ್ಗಿ ಬರುತ್ತಿತ್ತು. ಮಕ್ಕಳು ಅಂಗಳಕ್ಕೆ ಓಡಿ ಹೋಗಿ ಕೈ ಬೀಸುತ್ತಿದ್ದರು. ದೊಡ್ಡವರು ಬಾವಿಗೆ ಸೋಗೆ ಮುಚ್ಚುತ್ತಿದ್ದರು. ಸೋಗೆಯ ಸಂದಿಯಲ್ಲಿ ಮದ್ದಿನ ಹನಿ ಇಳಿದರೆ ತಡೆಯುವವರು ಯಾರು? ಸಂಜೆ ಅದೇ ಬಾವಿಗೆ ಕೊಡಪಾನ ಇಳಿಸುತ್ತಿದ್ದೆವು. ಎಂಡೋಸಲ್ಫಾನ್ ಎಂಬ ಹೆಸರು ಕಲಿತದ್ದು ಎಷ್ಟೋ ಕಾಲದ ಮೇಲೆ. 2000ದವರೆಗೂ ಸಿಂಪಡಿಸಿದರು. ಇಡೀ ದೇಶದಲ್ಲಿ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2011ರಲ್ಲಿ. ನೊಂದವರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಹೇಳಿದ್ದು 2017ರಲ್ಲಿ. ಅಷ್ಟರಲ್ಲಿ ಇಲ್ಲಿಯ ಸ್ವರ್ಗ, ಪಡ್ರೆ ಊರುಗಳ ಕಡೆ ಎಷ್ಟು ತಾಯಂದಿರು ಮಕ್ಕಳನ್ನು ಎತ್ತಿಕೊಂಡೇ ಮುದುಕಿಯರಾದರು, ನಿನಗೇ ಗೊತ್ತು. ಡಾಕ್ಟರೊಬ್ಬರು ಬರೆದರು, ಊರವರು ಅರ್ಜಿ ಹಾಕಿದರು, ಕೋರ್ಟಿಗೆ ಹೋದರು. ದಿಲ್ಲಿಯ ಸದನದಲ್ಲೂ ಕೇಳಿದರು. ಯಾರ ಮಾತಿನಿಂದ ನಿಂತಿತು ಅಂತ ಬೆರಳು ತೋರಿಸಲು ನನಗೆ ಬರುವುದಿಲ್ಲ.

ತಡವಾಗುತ್ತದೆ ಪುಟ್ಟಿ, ಅದನ್ನು ನಾನು ಮುಚ್ಚಿಡುವುದಿಲ್ಲ. 1958ರಲ್ಲಿ ಇದೇ ಕೇರಳದಲ್ಲಿ ಪ್ಯಾರಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿಹಿಟ್ಟು ತಿಂದು ನೂರಕ್ಕೂ ಜಾಸ್ತಿ ಜನ ಸತ್ತರು. ಕೀಟನಾಶಕಕ್ಕೆ ಕಾಯ್ದೆ ಬಂದದ್ದು 1968ರಲ್ಲಿ. ಆ ಕಾಯ್ದೆ ಇರುವಾಗಲೇ ನಮ್ಮ ಗುಡ್ಡದ ಮೇಲೆ ಮದ್ದು ಬಿದ್ದದ್ದು. ಇದನ್ನು ಬರೆಯುವಾಗ ನಿನ್ನ ಮಾತೇ ಸರಿ ಅನ್ನಿಸಿ ಪೆನ್ನು ಕೆಳಗಿಟ್ಟಿದ್ದೆ.

ಮತ್ತೆ ಎತ್ತಿಕೊಂಡದ್ದು ಫಿರೋಜ್ ಗಾಂಧಿಯವರ ನೆನಪಾಗಿ. ಆಳುವ ಪಕ್ಷದವರೇ ಆಗಿದ್ದು, ಮಂತ್ರಿಯೂ ಆಗದೆ, 1957ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಎದ್ದು ನಿಂತು ಎಲ್‌ಐಸಿಯ ದುಡ್ಡು ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರಿಗೆ ಹೋದದ್ದು ಹೇಗೆ ಎಂದು ಲೆಕ್ಕ ಕೇಳಿದರು. ತನಿಖೆಗೆ ಚಾಗ್ಲಾ ಆಯೋಗ ಕೂತಿತು. ಮುಂದಿನ ಫೆಬ್ರವರಿಗೆ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಆದರೆ ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು ಇನ್ನೊಂದು. ಸದನದಲ್ಲಿ ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಅಚ್ಚು ಹಾಕಿದರೆ ಪತ್ರಿಕೆಯವರ ಮೇಲೆ ಕೇಸು ಬೀಳಬಾರದು ಎಂದು 1956ರಲ್ಲಿ ಅವರೇ ಖಾಸಗಿ ಮಸೂದೆ ತಂದು ಕಾಯ್ದೆ ಮಾಡಿಸಿದ್ದರು. ತುರ್ತು ಪರಿಸ್ಥಿತಿಯಲ್ಲಿ ಆ ಕಾಯ್ದೆಯನ್ನೇ ಕಿತ್ತು ಹಾಕಿದರು. 1977ರಲ್ಲಿ ಮತ್ತೆ ಬಂತು. ಯಾರೂ ಕೇಳದ ಮಾತಾಗಿದ್ದರೆ ಅದು ಹೊರಗೆ ಬರುತ್ತದೆ ಎಂದು ಅಷ್ಟು ಹೆದರಿಕೆ ಯಾಕೆ? ನಿನ್ನ ಖಾಲಿ ಕುರ್ಚಿಗೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ.

ಕುರ್ಚಿಯ ಲೆಕ್ಕ ಬೇಕಾದರೆ, ಹೊಸ ಕಟ್ಟಡದ ಲೋಕಸಭೆಯಲ್ಲಿ 888 ಆಸನ, ಸದಸ್ಯರು 543. ಎಲ್ಲರೂ ಬಂದು ಕೂತರೂ ನಿನಗೆ ಖಾಲಿಯೇ ಕಾಣುತ್ತದೆ! ಸಭೆ ನಡೆಯಲು ಹತ್ತರಲ್ಲಿ ಒಂದು ಪಾಲು, ಅಂದರೆ 55 ಜನ ಇದ್ದರೆ ಸಾಕು. ಅಷ್ಟೂ ಇಲ್ಲ ಎಂದು ಯಾರೂ ಎದ್ದು ಹೇಳದಿದ್ದರೆ ಅದೂ ಹಾಗೇ ನಡೆಯುತ್ತದೆ. ಅಲ್ಲೇ ಕೂತಿರುವ ನಿನಗೆ ನಾನು ಪೆರ್ಲದಿಂದ ಪಾಠ ಹೇಳುತ್ತಿದ್ದೇನೆ, ನಗಬೇಡ. ಮೇಷ್ಟರ ಚಾಳಿ.

ನಿಮ್ಮ ಸಾಹೇಬರಿಗೆ ಭಾಷಣದ ಜೊತೆಗೆ ಪ್ರಶ್ನೆಯನ್ನೂ ಬರೆದುಕೊಡುತ್ತೀಯಾ? ಮಂತ್ರಿ ಸದನದಲ್ಲೇ ಬಾಯಿಮಾತಲ್ಲಿ ಉತ್ತರಿಸುವ ಚುಕ್ಕೆ ಗುರುತಿನದ್ದು ದಿನಕ್ಕೆ 20 ಮಾತ್ರ. ಚುಕ್ಕೆ ಇಲ್ಲದ್ದು 230, ಅದಕ್ಕೆ ಉತ್ತರ ಬರಹದಲ್ಲೇ ಬರುತ್ತದೆ. ಬರಹದ ಉತ್ತರಕ್ಕೆ ಕುರ್ಚಿಯಲ್ಲಿ ಯಾರಿದ್ದರೇನು, ಇಲ್ಲದಿದ್ದರೇನು? ಸರ್ಕಾರ ಏನು ಕ್ರಮ ಕೈಗೊಂಡಿದೆ ಅಂತ ಕೇಳಬೇಡ, ಜಾರಿಕೊಳ್ಳುತ್ತಾರೆ. ಯಾವ ಮದ್ದು, ಯಾವ ಜಿಲ್ಲೆ, ಯಾವ ವರ್ಷ ಅಂತ ಕೇಳು. ಮಂತ್ರಿಗಳು "ಪರಿಶೀಲಿಸುತ್ತೇವೆ" ಅಂದರೆ ತಾರೀಕು ಬರೆದಿಟ್ಟುಕೋ. ಅದು ಭರವಸೆ ಅಂತ ದಾಖಲಾದರೆ ಮೂರು ತಿಂಗಳೊಳಗೆ ಈಡೇರಿಸಬೇಕು, ನೋಡಿಕೊಳ್ಳುವುದಕ್ಕೇ ಒಂದು ಸಮಿತಿ ಇದೆ. ಮೂರು ತಿಂಗಳು ಅನ್ನುವುದು ಎಷ್ಟೋ ಸಲ ವರ್ಷಗಟ್ಟಲೆ ಎಳೆಯುತ್ತದೆ, ಅದು ಬೇರೆ ಮಾತು. ಇದೆಲ್ಲ ನಿನಗೆ ಗೊತ್ತಿದ್ದರೆ ಬಿಟ್ಟುಬಿಡು.

ಆ ಸಾಲನ್ನು ಇನ್ನೊಂದು ಸಲ ಓದಿದೆ. ಅದರಲ್ಲಿ ದಣಿವು ಜಾಸ್ತಿ ಕಾಣುತ್ತದೆ, ನಂಬಿಕೆ ಹೋದ ಹಾಗೆ ಕಾಣುವುದಿಲ್ಲ. ಅಥವಾ ನನಗೆ ಬೇಕಾದ ಹಾಗೆ ನಾನು ಓದಿಕೊಂಡೆನೋ. ಯಾವುದು ಅಂತ ನೀನೇ ಬರೆ. ಬರೀ ದಣಿವಾದರೆ ಅಧಿವೇಶನ ಮುಗಿದ ಕೂಡಲೇ ಬಾ, ಹತ್ತು ದಿನ ಮಲಗಿ ಹೋಗು.

ಆ ಭಾಷಣದ ಪ್ರತಿಯನ್ನು ಪ್ರಿಂಟ್ ತೆಗೆದು ಅಂಚೆಯಲ್ಲಿ ಕಳಿಸು. ಫೋನಿನಲ್ಲಿ ಓದಲು ನನಗಾಗುವುದಿಲ್ಲ. ಇಂಗ್ಲಿಷಿನಲ್ಲಿದ್ದರೂ ಅಡ್ಡಿಯಿಲ್ಲ, ಅಕ್ಷರ ಮಾತ್ರ ಸ್ವಲ್ಪ ದೊಡ್ಡದಾಗಿ ಹಾಕಿಸು.

ಇಂತಿ
ನಿನ್ನ ಅಜ್ಜ